ಬೆರಳಿಗೂ ಅಡ್ಜಸ್ಟೇನಾ?

ಅವರೆಕಾಯಿ ಸುಗ್ಗಿಯ ಬೆಳಗು. ಉಪ್ಪಾರಹಳ್ಳಿಯ ಬಸ್‌ಸ್ಟಾಪಿನಲ್ಲಿ ಮರಿಗಂಗಮ್ಮ ಚೀಲ ಸುರಿದು ಕಾಯಿ ಗುಡ್ಡೆ ಹಾಕುತ್ತಿದ್ದಳು. ವಸಂತನರಸಾಪುರದ ಕಂಪನಿ ಬಸ್ಸಿಗೆ ದಿನಾ ಕಾಯುವ ಪ್ರೇಮಲತಾ, ತೇಜಸ್ವಿನಿಯರ ಮಾತು ಅವಳ ಕಿವಿಗೆ ಬಿತ್ತು.

“ಇವತ್ತಿಂದ ಆ ತಗಡು ಒತ್ತೋ ಪ್ರೆಸ್ಸಿಗೆ ನನ್ನ ಹಾಕವ್ರೆ ಅಕ್ಕ,” ಎಂದಳು ತೇಜಸ್ವಿನಿ.

“ಮೊನ್ನೆ ಶೈಲಜನ ಬೆರಳು ತೆಗೀತಲ್ಲ, ಅದಾ?”

“ಹೂಂ. ಎರಡೂ ಕೈಲಿ ಎರಡು ಬಟನ್ ಒತ್ತಿದ್ರೇ ಅದು ಇಳೀಬೇಕು. ಬೇಗ ಮಾಲು ಬರ್ಲಿ ಅಂತ ಒಂದು ಬಟನ್ ಒತ್ತಿದಂಗೇ ಇರೋ ಹಂಗೆ ಟೇಪ್ ಸುತ್ತವ್ರೆ. ಇನ್ನೂ ಬಿಚ್ಚಿಲ್ಲ.”

“ಸೂಪರ್‌ವೈಸರ್‌ನ ಕೇಳಿದ್ಯಾ?”

“‘ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಮ್ಮ’ ಅಂದ್ರು.”

“ಮಾಡ್ಕೊ ಕಣೇ. ಎಲ್ಲಾ ಕಡೆ ಇರೋದೇ.”

“ಬಸ್ಸಲ್ಲಿ ಸೀಟಿಗೆ ಅಡ್ಜಸ್ಟ್ ಮಾಡ್ಕೊಂಡೆ. ಅತ್ತೆ ಬಾಯಿಗೂ ಮಾಡ್ಕೊಂಡೆ. ಬೆರಳಿಗೆ ಹೆಂಗಕ್ಕ ಮಾಡ್ಕೊಳ್ಳದು?”

ಪ್ರೇಮಲತಾ ರಸ್ತೆ ನೋಡುತ್ತಾ ನಿಂತಳು.

“ಟೇಪ್ ಬಿಚ್ಚೋವರ್ಗೂ ನಾನು ಮಿಷನ್ ಮುಟ್ಟಲ್ಲ. ನೀನು ಜೊತೆಗೆ ನಿಂತ್ಕೊತೀಯಾ?” ಎಂದಳು ತೇಜಸ್ವಿನಿ.

“ಕೆಲ್ಸ ಹೋದ್ರೆ?”

“ಹಂಗಾರೆ ಬುಡು. ನಾನೊಬ್ಳೇ ಹೇಳ್ತೀನಿ.”

ಬಸ್ಸು ಬಂತು. ತೇಜಸ್ವಿನಿ ಮೆಟ್ಟಿಲಿಗೆ ಕಾಲಿಟ್ಟಳು. ಹಿಂದೆಯೇ ಪ್ರೇಮಲತಾಳ ದನಿ ಬಂತು.

“ಸೂಪರ್‌ವೈಸರ್ ಹೇಳಿದ್ರು ಅಂತ ಆ ಟೇಪ್ ಸುತ್ತಿದ್ದು ನಾನೇ ಕಣೇ. ಹೋದೇಟ್ಗೆ ಬಿಚ್ತೀನಿ ನಡಿ.”

ತೇಜಸ್ವಿನಿ ಗಕ್ಕನೆ ತಿರುಗಿ ನೋಡಿದಳು. ಇಬ್ಬರನ್ನೂ ಹತ್ತಿಸಿಕೊಂಡು ಬಸ್ಸು ಹೊರಟಿತು.