ಬಿಸಿ ಹೋಗುವ ಜಾಗ

ಆಳಂದದ ಬಸ್ ನಿಲ್ದಾಣದ ಕಟ್ಟೆಯ ಮೇಲೆ ಆ ಮಧ್ಯಾಹ್ನ ರೊಟ್ಟಿ ತಟ್ಟಿ ಹಾಕಿದ್ದರೆ ಒಲೆಯಿಲ್ಲದೆ ಉಬ್ಬುತ್ತಿತ್ತು. ಅದೇ ಕಟ್ಟೆಯ ಮೇಲೆ ಗೋಣಿಚೀಲ ಹಾಸಿ ಬಸ್ಸಿಗೆ ಕಾಯುತ್ತಾ ಕೂತಿದ್ದ ತುಳಜಾಬಾಯಿಯ ಕಿವಿಗೆ ಪಕ್ಕದ ಗಂಡ ಹೆಂಡತಿಯ ಮಾತು ಬಿತ್ತು. ಗಂಡ ಕಲ್ಲಿನಾಥ ಮೊಬೈಲಿನಲ್ಲಿ ಏನೋ ಚಿತ್ರ ತೋರಿಸುತ್ತಿದ್ದ. ಹೆಂಡತಿ ಶಿವಕಾಂತಾ ಆಕಳಿಸುತ್ತಿದ್ದಳು.

“ಗೇಮ್ ಆಡೂಮುಂದ ಕಂಪ್ಯೂಟರ್ ಕಾದು ಬಂದ್ ಬೀಳಾಕತ್ತೈತಿ. ಒಳಗ ಪೈಪ್ ಕೂಡ್ರಿಸಿ ನೀರು ತಿರುಗಿಸಿದ್ರ ಥಂಡಗ ಇರ್ತೈತಿ.”

“ಬೋರಿನ ನೀರೇನ್ರಿ?”

“ಅದು ಉಪ್ಪು ಕಟ್ತೈತಿ. ಬ್ಯಾಟರಿಗೆ ಹಾಕೂ ನೀರು ಬೇಕು. ಆ ನೀರು ಬಿಸಿ ಹೊತ್ಕೊಂಡು ರೇಡಿಯೇಟರಿಗೆ ಬರ್ತೈತಿ. ಅಲ್ಲಿ ಫ್ಯಾನ್ ಆ ಬಿಸೀನ ಹೊರಗ ಊದ್ತೈತಿ.”

“ಹೊರಗ ಅಂದ್ರ ಎಲ್ಲಿ?”

“ನಮ್ಮ ಕೋಣ್ಯಾಗ.”

“ನಾ ಮಲಗೂ ಕೋಣ್ಯಾಗ?”

ಕಲ್ಲಿನಾಥ ಮತ್ತೆ ಚಿತ್ರ ನೋಡಿದ.

“ಪೈಪ್ ಉದ್ದ ಮಾಡಿ ಅಡಗಿಮನಿಗೆ ಒಯ್ದ್ರ?”

“ಅಲ್ಲಿ ಹಗಲೆಲ್ಲಾ ನಾನ ಬೇಯ್ತೇನಿ.”

“ಪಡಸಾಲಿಗೆ?”

“ಅಲ್ಲಿ ನಿಮ್ಮವ್ವ ಮಲಗ್ತಾಳ. ನೀವ ಕೇಳ್ರಿ ಆಕಿಗೆ.”

ತುಳಜಾಬಾಯಿ ನಗು ಬಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಶಿವಕಾಂತಾ ಮತ್ತೆ ಆಕಳಿಸಿದಳು.

“ಅದರ ಬಿಸಿಗೆ, ಸಪ್ಪಳಕ್ಕ, ರಾತ್ರಿಯೆಲ್ಲಾ ಕಣ್ಣಿಗೆ ಕಣ್ಣು ಹತ್ತಿಲ್ರಿ ನನಗ. ಅದನ್ನ ಅಂಗಳಕ್ಕ ಒಯ್ದಿಡ್ರಿ, ನೀವೂ ಅಲ್ಲೇ ಇರ್ರಿ.”

ಅಫಜಲಪುರದ ಬಸ್ಸು ಬಂತು. ಶಿವಕಾಂತಾ ಚೀಲ ಎತ್ತಿಕೊಂಡು ಹತ್ತಿ ಕಿಟಕಿ ಪಕ್ಕ ಕೂತಳು. ಹಿಂದೆಯೇ ಹತ್ತಿದ ಕಲ್ಲಿನಾಥನ ದನಿ ಕಟ್ಟೆಯವರೆಗೂ ಕೇಳಿಸಿತು.

“ಅಂಗಳದಾಗ ಪ್ಲಗ್ ಎಲ್ಲೈತಿ?”

ಬಸ್ಸು ಇನ್ನೂ ಹೊರಟಿರಲಿಲ್ಲ, ಶಿವಕಾಂತಾ ಕಿಟಕಿಯ ಸರಳಿಗೆ ತಲೆ ಆನಿಸಿ ಬಾಯಿ ತೆರೆದು ಮಲಗಿಬಿಟ್ಟಿದ್ದಳು.