ಒಂದು ವೋಟಿಗೆ ಒಂದು ಹಾಯಿದೋಣಿ

ಹಲೋ... ಹಲೋ, ಯಾರು ಮಾತಾಡ್ತಿರೋದು? ಅಕ್ಕನಾ? ಆಕೆನೇಟಾ ಅಕ್ಕಾ?...

ಹಾಂ, ನಾನೇ, ತಿಮೌ. ಅಬಾಯಾಂಗ್ ದ್ವೀಪದಿಂದ. ಯಾವ ತಿಮೌ ಅಂತ ಕೇಳೋಕೆ ಎಷ್ಟು ಜನ ತಮ್ಮಂದಿರಿದಾರೆ ನಿಂಗೆ?...

ತೆಂಗಿನಮರದ ಮೇಲೆ. ಸಂಜೆ ಹೊತ್ತು ಇನ್ನೆಲ್ಲಿರ್ತೀನಿ? ಹೊಂಬಾಳೆ ಕೊಯ್ದು ನೀರಾಕ್ಕೆ ಚಿಪ್ಪು ಕಟ್ಟಿದೆ. ಫೋನ್ ಸಿಗೋದೂ ಈ ಸುಳಿಯ ಹತ್ರಾನೇ, ಕೆಳಗಿಳಿದ್ರೆ ಏಡಿಗಳ ಜೊತೆ ಮಾತಾಡ್ಬೇಕಷ್ಟೆ. ಇಡೀ ಕಿರಿಬಾಸ್‌ನಲ್ಲಿ ಇಷ್ಟು ಎತ್ತರದ ಮರ ಇನ್ನೊಂದಿಲ್ಲ ಅಕ್ಕ. ಇಲ್ಲಿಂದ ತರಾವಾ ಕಾಣ್ತಿದೆ, ನಿಮ್ಮ ಬೇಸೊ ಪೇಟೆ ಕಾಣ್ತಿದೆ, ಹಗ್ಗದ ಮೇಲೆ ಒಣಗ್ತಿರೋ ಭಾವನ ಬನಿಯನ್ನೂ ಕಾಣ್ತಿದೆ...

ಆಗ್ಲೇ ಒಳಗೆ ತಗೊಂಡಾಯ್ತಾ? ಹಾಗಾದ್ರೆ ಅದು ಪಕ್ಕದ ಮನೆಯವರದ್ದಿರ್ಬೇಕು...

ಏನಿಲ್ಲ, ಸುಮ್ನೆ ಮಾಡ್ದೆ. ಕ್ಷೇಮ ಕೇಳೋಣ ಅಂತ. ಭಾವ ಇದಾರಾ ಮನೇಲಿ?... ಎಂಜಿನ್ ಬಿಚ್ಚಿಟ್ಟುಕೊಂಡು ಹಿತ್ತಿಲಲ್ಲಿ ಕೂತಿದಾರಾ? ಇರ್ಲಿ, ಇರ್ಲಿ. ಈಗ್ಲೇ ಕರೀಬೇಡ...

ಚುನಾವಣೆನಾ? ನಂಗೂ ಅದಕ್ಕೂ ಏನಕ್ಕ ಸಂಬಂಧ! ಅಧ್ಯಕ್ಷರು ಯಾರಾದ್ರೂ ಮರ ಹತ್ತೋನು ನಾನೇ ತಾನೆ?...

ಹಂದಿಮರಿ ವಿಷ್ಯ ಯಾರು ಹೇಳಿದ್ದು ನಿಂಗೆ?... ಹೂಂ, ರಾಕೆರಾ ಅಂತಾನೇ ಇಟ್ಟೆ. ಗೌರವಕ್ಕಿಟ್ಟಿದ್ದು ಕಣಕ್ಕ. ಅಷ್ಟು ಮರಿಗಳಲ್ಲಿ ಮುಂದೆ ನುಗ್ಗೋದು ಅದೊಂದೇ. ನಗ್ಬೇಡ...

ಹುಚ್ಚೇನಲ್ಲ. ಮೊದ್ಲು ನಾನೂ ನಕ್ಕವನೇ. ಅಧ್ಯಕ್ಷ ಪದವಿಗೆ ನಿಂತಿರೋ ನೇಯ್ ರಾಕೆರಾ ಬರ್ತಾರಂತೆ ಅಂದಾಗ, ತರಾವಾದ ಫ್ಯಾನಿನ ಕೆಳಗೆ ಕೂತೋರಿಗೆ ನಮ್ಮ ಊರಿನ ನೊಣ ತಡೆಯೋಕಾಗುತ್ತಾ ಅಂದಿದ್ದೆ. ಆಮೇಲೆ ಏನಾಯ್ತು ಗೊತ್ತಾ? ಆಕೆ ದೋಣಿ ಬರೋ ಹೊತ್ತಿಗೆ ನೀರು ಇಳಿದುಬಿಟ್ಟಿತ್ತು. ದೂರದಲ್ಲೇ ಹವಳದ ದಿಬ್ಬಕ್ಕೆ ಸಿಕ್ಕಿಕೊಂಡ್ತು. ಹಿಂದಿನ ಸಲ ಬಂದ ದೊಡ್ಡ ಮನುಷ್ಯರನ್ನ ಕುರ್ಚಿ ಸಮೇತ ಹೊತ್ತು ತಂದಿದ್ವಲ್ಲ, ಹಾಗೇ ಅಂತ ಹುಡುಗರು ಕುರ್ಚಿ ತಗೊಂಡು ಓಡಿದ್ರು. ಈಕೆ ಚಪ್ಪಲಿ ತಲೆ ಮೇಲಿಟ್ಟುಕೊಂಡು ಮೊಣಕಾಲುದ್ದ ನೀರಲ್ಲಿ ನಡ್ಕೊಂಡು ಬಂದುಬಿಟ್ರು. ಆ ಖಾಲಿ ಕುರ್ಚಿ ಮೇಲೆ ನಮ್ಮ ಪಾದ್ರಿಗಳಿಗೆ ತಂದ ಅಕ್ಕಿಮೂಟೆ ಕೂರಿಸಿಕೊಂಡು!...

ಹಾಂ, ನಾನೇ ಕಣ್ಣಾರೆ ಕಂಡೆ. ಸೊಂಟದ ತನಕ ನೀರು...

ಮೊಣಕಾಲು ಅಂದೆನಾ? ಅದು ದಡದ ಹತ್ರ. ಅಲೆ ಬಂದಾಗ ಸೊಂಟ...

ಆಮೇಲೆ ಮಾನೆಯಾಬಾದಲ್ಲಿ ಸಭೆ. ಆ ಚಾವಡಿಯ ಸೂರಿನ ಕೆಳಗೆ ಊರಿಗೆ ಊರೇ ಕೂತಿತ್ತು, ಕಂಬಗಳೂ ಒಂಚೂರು ಆಚೆ ಸರಿದು ಜಾಗ ಕೊಟ್ಟವು. ನಾನು ಇಳಿಸಿದ ನೀರಾ ಕೊಟ್ವಿ. ಆಕೆ ಕುಡಿದು ಚಿಪ್ಪನ್ನ ಮತ್ತೆ ಮುಂದೆ ಚಾಚಿದ್ರು ಅಕ್ಕ. ಇದು ಯಾರ ಕೈಯದು ಅಂತ ಕೇಳಿದ್ರು. ಎಲ್ಲ ನನ್ನ ಕಡೆ ತಿರುಗಿದ್ರು. ಆವಾಗ ನೀನಿರ್ಬೇಕಿತ್ತು...

ಹೂಂ, ಅಲ್ಲಿಂದ ಶುರುವಾಯ್ತು ಅಂತಾನೇ ಇಟ್ಕೋ. ಆದ್ರೆ ನನ್ನನ್ನ ಬೀಳಿಸಿದ್ದು ನೀರಾ ಹೊಗಳಿದ್ದಲ್ಲ. ನಾವೆಲ್ಲ ಕಾಯ್ತಿದ್ವಿ, ಈಗ ಬುಬುಸಿ ಮಾಡ್ತಾರೆ, ವೋಟು ಕೊಡಿ ಅಂತ ಕೈಚಾಚ್ತಾರೆ ಅಂತ. ಹಿಂದಿನವರೆಲ್ಲ ಅದನ್ನೇ ಮಾಡಿದ್ದು ತಾನೆ? ಬುಬುಸಿ ಅಂತ ಬಾಯಿಬಿಟ್ಟು ಕೇಳಿದ ಮೇಲೆ ಇಲ್ಲ ಅನ್ನೋ ಮುಖ ನಮ್ಮಲ್ಲಿ ಯಾರಿಗಿದೆ? ಉಟ್ಟಿದ್ದನ್ನಾದ್ರೂ ಬಿಚ್ಚಿಕೊಡ್ಬೇಕು. ಈಕೆ ಎದ್ದು ನಿಂತು ಹೇಳಿದ್ದು ಇಷ್ಟೆ: "ನಾನು ಬುಬುಸಿ ಮಾಡೋಕೆ ಬಂದಿಲ್ಲ. ನಾನು ಕೇಳಿದ್ರೆ ನೀವು ಇಲ್ಲ ಅನ್ನಲಾರಿರಿ. ಇಲ್ಲ ಅನ್ನೋಕಾಗದ ಮೇಲೆ ಅದು ವೋಟು ಹೇಗಾಗುತ್ತೆ?" ಅಷ್ಟು ಹೇಳಿ ಕೂತುಬಿಟ್ರು. ಹಿರಿಯರೆಲ್ಲ ಕೆಮ್ಮಿದ್ರು...

ಅಲ್ವಾ? ಮೈ ಜುಂ ಅಂತು ಅಕ್ಕ. ಕುತ್ತಿಗೆ ತನಕ ನೀರಲ್ಲಿ ನಡೆದು ಬಂದ ಹೆಂಗಸು, ಹಿಂದೆ ಎರಡು ಶಾರ್ಕ್ ಬೇರೆ...

ಸರಿ, ಒಂದೇ ಶಾರ್ಕ್. ಚಿಕ್ಕದು. ನೀನು ಲೆಕ್ಕ ಹಿಡೀಬೇಡ...

ಸುಮ್ನಿರೋಕಾಗುತ್ತಾ? ಮಾರನೇ ದಿನದಿಂದ ಸೈಕಲ್ ಹತ್ತಿದೆ. ದ್ವೀಪದ ಆ ತುದಿಯಿಂದ ಈ ತುದಿಗೆ ಒಂದು ಮನೆ ಬಿಡ್ಲಿಲ್ಲ. ಹೋಗೋದು, ಚಾಪೆ ಮೇಲೆ ಕೂರೋದು, ಬುಬುಸಿ, ನಿಮ್ಮ ವೋಟು ನೇಯ್ ರಾಕೆರಾಗೆ ಅನ್ನೋದು. ಯಾರೂ ಇಲ್ಲ ಅನ್ಲಿಲ್ಲ. ಇಷ್ಟು ವೋಟು ಕೂಡಿಸಿದೋನು ಪೆಸಿಫಿಕ್‌ನಲ್ಲೇ ಇಲ್ಲ...

ಏನು ನಗು ಅದು? ಫೋನೇ ಅಲ್ಲಾಡ್ತಿದೆ...

ಹೌದು, ಭಾವನ್ನೂ ಕೇಳ್ದೆ. ಹೋದ ವಾರ ಇಲ್ಲಿಗೆ ಬಂದಿದ್ರಲ್ಲ ತಿಥಿಗೆ, ಎದುರು ಪಕ್ಷದ ಅಂಗಿ ಹಾಕ್ಕೊಂಡು! ನನ್ನ ಅಕ್ಕನ ಗಂಡ ಆ ಅಂಗೀಲಿ ಕೂತಿದ್ರೆ ನಾನು ಊರಲ್ಲಿ ಮುಖ ಎತ್ತೋದು ಹೇಗೆ? ಎಲ್ಲರೆದುರೇ ಬುಬುಸಿ ಮಾಡ್ದೆ. ಅವರು ಮೀಸೆಯಲ್ಲೇ ನಕ್ಕು, ಕೊಟ್ಟೆ ಹೋಗು ತಿಮೌ ಅಂದ್ರು. ಆವತ್ತೇ ನಂಗೆ ಅನುಮಾನ ಬರ್ಬೇಕಿತ್ತು...

ಅದಕ್ಕೇ ಫೋನ್ ಮಾಡಿದ್ದು. ಹೇಳ್ತೀನಿ, ತಡಿ. ಇವತ್ತು ಬೆಳಿಗ್ಗೆ ಹಡಗಿನೋನು ಬಂದ, ಮಾನೆಯಾಬಾದಲ್ಲಿ ಹಿರಿಯರೆಲ್ಲ ಕೂತಿದ್ದಾಗ. ನಿಮ್ಮ ಭಾವ ಬಕಾತು ಹೇಳಿ ಕಳಿಸಿದ್ದಾರೆ ಅಂದ. ಬುಬುಸಿಯಂತೆ. ನನ್ನ ಹಾಯಿದೋಣಿ ಬೇಕಂತೆ...

ಅದೇ. ಒಂದು ಮೊಳೆ ಹೊಡೆಯದೆ ತೆಂಗಿನ ಹುರಿಯಲ್ಲೇ ಹೊಲಿದದ್ದು. ಸ್ವಾತಂತ್ರ್ಯ ದಿನದ ಪಂದ್ಯದಲ್ಲಿ ಗಾಳಿಗಿಂತ ಮುಂಚೆ ಹೋಗಿ ದಡದಲ್ಲಿ ಗಾಳಿಗೋಸ್ಕರ ಕಾದದ್ದು. ನಾಳೆ ಬಂದು ಎಳ್ಕೊಂಡು ಹೋಗ್ತಾರಂತೆ...

ಕೊಟ್ಟೆ. ಕೊಡದೆ? ಫೋನಲ್ಲಿ ಕೇಳಿದ್ರೆ ತಪ್ಪಿಸ್ಕೊಳ್ತಿದ್ದೆ. ಮಾವನ ಮಗ ಬೀಸುಬಲೆ ಕೇಳೋಕೆ ಬಾಯಿ ತೆರೆದಾಗ ಗಾಳಿ, ಗಾಳಿ, ಏನೂ ಕೇಳಿಸ್ತಿಲ್ಲ ಅಂದೆ, ಮುಗೀತು. ಕಿವಿಗೆ ಬೀಳದ ಬುಬುಸಿ ಬುಬುಸಿಯೇ ಅಲ್ಲ. ಭಾವನಿಗೆ ಈ ವಿದ್ಯೆ ಹೇಳಿಕೊಟ್ಟೋನೂ ನಾನೇ, ಅದಕ್ಕೇ ಆಳು ಕಳಿಸಿದಾರೆ. ನೀನೊಂದು ಮಾತು ಹೇಳಕ್ಕ ಅವರಿಗೆ...

ಏನಂದೆ?... ಇನ್ನೊಂದ್ಸಲ ಹೇಳು...

... ...

ಇಲ್ಲ, ಬಿದ್ದಿಲ್ಲ. ಮರದ ಮೇಲೇ ಇದೀನಿ. ನೀನಂದದ್ದನ್ನ ಯೋಚಿಸ್ತಿದ್ದೆ. ಆಕೆ ಯಾವುದನ್ನ ಕೇಳಲ್ಲ ಅಂದ್ರೋ, ಅದನ್ನೇ ನಾನು ಆಕೆ ಹೆಸರಲ್ಲಿ ಮನೆಮನೆಗೆ ಹೋಗಿ ಕೇಳಿದೆ. ಹೂಂ. ನಂಗ್ಯಾಕೆ ಹೊಳೀಲಿಲ್ಲ? ಹಂದಿಮರಿಗೂ ಹೊಳೀತಿತ್ತು...

ಕರಿ ಭಾವನ್ನ. ಕೈ ತೊಳೆಯೋದು ಆಮೇಲೆ, ಕರಿ...

ಭಾವಾ? ನಾನು ತಿಮೌ. ಚೆನ್ನಾಗಿದೀರಾ? ಕೇಳಿ, ದೋಣಿ ಮಾತಲ್ಲ. ದೋಣಿ ಕೊಟ್ಟಿದ್ದು ಕೊಟ್ಟಿದ್ದೇ, ನಮ್ಮಪ್ಪನ ಮಗ ನಾನು. ಆ ವೋಟಿನ ಮಾತು. ನಾನು ಕೇಳಿದ್ದು ತಪ್ಪು. ಅದು ನಿಮ್ಮದೇ, ವಾಪಸ್ ತಗೊಳ್ಳಿ. ಯಾರಿಗಾದ್ರೂ ಹಾಕಿ, ಆ ಅಂಗಿಯವರಿಗೇ ಹಾಕಿ. ನಾಳೆ ಮನೆಮನೆಗೂ ಹೋಗಿ ಎಲ್ಲರ ವೋಟೂ ಅವರಿಗೇ ಬಿಟ್ಟು ಬರ್ತೀನಿ. ನೇಯ್ ರಾಕೆರಾ ಗೆದ್ರೆ ಹಾಗೇ ಗೆಲ್ಲಲಿ...

ಹಾಂ?...

ಅಂಗಿ ಪುಕ್ಕಟೆ ಕೊಟ್ರು ಅಂತ ಹಾಕ್ಕೊಂಡದ್ದಾ?...

ಮತ್ತೆ ಆಕೆ ದೋಣಿಯ ಎಂಜಿನ್?... ನೀವೇ ಸರಿಮಾಡಿ ಕಳಿಸಿದ್ದಾ?... ಮೊದಲಿಂದ್ಲೂ ಆಕೆಗೇನಾ ನಿಮ್ಮ ವೋಟು? ನನಗಿಂತ ಮುಂಚಿಂದ್ಲಾ? ಅಕ್ಕಂಗೂ ಗೊತ್ತಿತ್ತಾ?...

ಅಲ್ಲ ಭಾವ, ಹಾಗಾದ್ರೆ ನಾನು ದೋಣಿ ಕೊಟ್ಟು ಕೊಂಡದ್ದೇನು? ಆಗ್ಲೇ ನಮ್ಮದಾಗಿದ್ದ ವೋಟಾ?...

ನಗಿ, ನಗಿ. ಇಬ್ಬರೂ ನಗಿ. ನೀರು ಮೊಣಕಾಲುದ್ದಾನೂ ಇರ್ಲಿಲ್ಲ, ಹಿಮ್ಮಡಿ ಅಷ್ಟೇ ನೆನೆದದ್ದು ಅಂತ ಆಕೆಯೇ ಹೇಳಿದ್ರಾ? ಇರ್ಬಹುದು. ದೊಡ್ಡೋರು ತಮ್ಮ ದೊಡ್ಡತನ ತಾವೇ ಹೇಳ್ಕೊಳ್ಳಲ್ಲ...

ನಕ್ಕಾಯ್ತಾ? ಸರಿ. ಈಗ ನಿಧಾನವಾಗಿ ಕೇಳಿ ಭಾವ. ವೋಟಿಗೆ ಬುಬುಸಿ ಮಾಡಬಾರ್ದು, ಒಪ್ಪಿದೆ. ದೋಣಿಗೆ ಮಾಡಬಾರ್ದು ಅಂತ ನೇಯ್ ರಾಕೆರಾ ಹೇಳಿಲ್ಲ. ನಿಮ್ಮ ಹತ್ರ ಈಗ ಒಂದು ಚೆಂದದ ಹಾಯಿದೋಣಿ ಇದೆಯಲ್ಲ, ಒಂದು ಮೊಳೆ ಹೊಡೆಯದೆ ಹೊಲಿದದ್ದು, ನಾನು ನಿಮ್ಮನ್ನ ಬುಬು...

ಏನು? ಗಾಳಿನಾ? ಎಲ್ಲಿದೆ ಗಾಳಿ? ಇಲ್ಲಿ ಒಂದು ಗರಿ ಅಲ್ಲಾಡ್ತಿಲ್ಲ ಭಾವ, ನಿಮ್ಮ ಉಸಿರೂ ಕೇಳಿಸ್ತಿದೆ...

ಅಕ್ಕ, ನೀನಾದ್ರೂ ಹೇಳಕ್ಕ, ಅವರಿಗೆ ಕೇಳಿಸ್ತಿದೆ... ಭಾವ, ಬುಬುಸಿ! ಬುಬುಸಿ ಅಂದೆ! ನನ್ನ ದೋಣಿ...

ಹಲೋ?... ಹಲೋ...