ಫ್ಲೆನ್ಸಿ ಮೇಡಂ ತೀರ್ಮಾನ

“ಹಲೋ… ಹಲೋ, ಯಾರು ಮಾತಾಡೋದು? ಸ್ವಲ್ಪ ಜೋರಾಗಿ ಹೇಳಿ, ಇಲ್ಲಿ ಫ್ಯಾನಿನ ಶಬ್ದ… ಓ, ವಸಂತಕುಮಾರ್ ಸರ್! ಇದು ಯಾವ ನಂಬರ್ ಸರ್, ಹೊಸ ಸಿಮ್ಮಾ?”

ಇಗರ್ಜಿಯ ಶುಕ್ರವಾರದ ಪೂಜೆ ಮುಗಿಸಿ ಕೊಲ್ಲಿ ನಾಡಿನ ಬುಸೈತೀನಿನ ಫ್ಲಾಟಿಗೆ ಮರಳಿದ ಫ್ಲೆನ್ಸಿ ಕೋಳಿ ಸುಕ್ಕಕ್ಕೆಂದು ಮೆಣಸು ಹುರಿಯುತ್ತಿದ್ದಳು. ಗಂಡ ಎಲ್ರಾಯ್ ಹೋಟೆಲಿನ ಡ್ಯೂಟಿಗೆ ಹೋಗಿದ್ದ. ಕರೆ ಮಾಡಿದ್ದು ಅವಳು ಕಲಿಸುವ ವಿಶೇಷ ಮಕ್ಕಳ ಕೇಂದ್ರದ ಆಫೀಸ್ ಮ್ಯಾನೇಜರ್. ಅಲ್ಲಿ ಶುಕ್ರವಾರ, ಶನಿವಾರ ವಾರದ ರಜೆ; ರಜೆಯ ದಿನ ಕರೆ ಮಾಡುವ ಮನುಷ್ಯ ಅವನಲ್ಲ. ಅವಳು ಒಲೆ ಆರಿಸಿದಳು.

“ಹಾಂ?… ಅಪ್ರೂವಲ್ ಬಂತಾ? ನಿಜವಾ?… ನನ್ನ ಹೆಸರಲ್ಲೇ? ಅಡ್ಮಿನಿಸ್ಟ್ರೇಟರ್ ಅಂತ?… ದೇವರೇ! ಥ್ಯಾಂಕ್ಸ್ ಸರ್… ಇಲ್ಲ ಇಲ್ಲ, ಅಳೋದಲ್ಲ, ಮೆಣಸಿನ ಘಾಟು.”

ಘಾಟಾಗಿರಲಿಲ್ಲ. ಎರಡು ವರ್ಷದ ಹಿಂದೆ, ಊರ ಕಡೆಯವಳೇ ಆದ ನುಸ್ರತ್ ಎಂಬವಳ ಮಗಳು ಶಝಾ ತರಗತಿಯಲ್ಲಿ ಕಿರುಚಿದಳೆಂದು ಕೇಂದ್ರದವರು ಆ ಹುಡುಗಿಯನ್ನು ಕತ್ತಲೆಯ ಸ್ಟೋರ್ ರೂಮಿಗೆ ತಳ್ಳಿ ಹೊರಗಿನಿಂದ ಚಿಲಕ ಹಾಕಿದ್ದರು. ಮಾತು ಬಾರದ ಆ ಮಗು ಬಾಗಿಲಿಗೆ ಹಣೆ ಬಡಿದುಕೊಳ್ಳುವ ಸದ್ದು ಕೇಳುತ್ತ ಫ್ಲೆನ್ಸಿ ಹೊರಗೆ ನಿಂತಿದ್ದಳು. ಚಿಲಕ ತೆಗೆಯಲು ಹೋದವಳಿಗೆ, “ಅದು ಅಡ್ಮಿನಿಸ್ಟ್ರೇಟರ್ ತೀರ್ಮಾನ, ಟೀಚರಿಗೆ ಆ ಅಧಿಕಾರ ಇಲ್ಲ” ಎಂದಿದ್ದರು. ಆ ವಾರವೇ ಅವಳು ಅಮೆರಿಕದ ವಿಶ್ವವಿದ್ಯಾಲಯವೊಂದರ ಆನ್‌ಲೈನ್ ಕೋರ್ಸಿಗೆ ಸೇರಿದಳು. ಅಡುಗೆಮನೆಯ ಮೇಜೇ ತರಗತಿಯಾಯಿತು. ಮಕ್ಕಳ ಹಕ್ಕಿನ ಕಾನೂನು ಓದಿದಳು, ರಜೆಯ ದಿನಗಳಲ್ಲಿ ಸಂಬಳವಿಲ್ಲದೆ ದುಡಿದು ತರಬೇತಿ ಪಡೆದಳು, ಅಪ್ಪ ತೀರಿಕೊಂಡ ತಿಂಗಳ ಪೂಜೆಗೂ ಊರಿಗೆ ಹೋಗದೆ ಪರೀಕ್ಷೆಗೆ ಕೂತಳು. ವಿಶೇಷ ಶಿಕ್ಷಣದ ಆಡಳಿತಾಧಿಕಾರಿಯ ಲೈಸೆನ್ಸ್ ಸಿಕ್ಕಿದಾಗ ಕೇಂದ್ರದ ಮಾಲೀಕರು, ಇನ್ನು ಆ ಕುರ್ಚಿ ನಿನ್ನದೇ ಎಂದಿದ್ದರು. ಕೇಂದ್ರದ ಹೊಸ ಪರವಾನಗಿಗೆಂದು ಸರಕಾರಕ್ಕೆ ಅವಳ ಲೈಸೆನ್ಸನ್ನೇ ಕಳಿಸಿದ್ದರು.

“ಹಾಗಾದ್ರೆ ಭಾನುವಾರ ನಾನು ನೇರ ಆಫೀಸ್ ರೂಮಿಗೇ… ಕ್ಲಾಸಿಗಾ? ಯಾಕೆ, ಬದಲಿ ಟೀಚರ್ ಸಿಗ್ಲಿಲ್ವಾ?… ಎಂತ? ಯಾರು?… ಮಾಲೀಕರ ತಂಗಿಯಾ? ಅವರು ಫರ್ನಿಚರ್ ಶೋರೂಮ್ ನೋಡ್ಕೊಳ್ತಾ ಇದ್ದವರಲ್ವಾ?”

ಅವಳು ಗೋಡೆಗೆ ಒರಗಿ ನಿಂತಳು.

“ಒಂದ್ನಿಮಿಷ ಸರ್, ನನಗೆ ಸರಿಯಾಗಿ ಅರ್ಥ ಆಗ್ಲಿ. ಕಾಗದದಲ್ಲಿ ನಾನು, ಕುರ್ಚಿಯಲ್ಲಿ ಅವರು. ಹಾಗಲ್ವಾ?… ಫಾರ್ಮಾಲಿಟಿ ಅನ್ಬೇಡಿ. ಓದಿದ್ದು ಫಾರ್ಮಾಲಿಟಿಗಲ್ಲ ನಾನು… ಹಾಂ… ಹಾಂ… ಮಕ್ಕಳಿಗೆ ಟೀಚರಾಗಿ ನಾನೇ ಬೇಕು ಅಂತಲಾ? ಮಕ್ಕಳ ನೆನಪು ಈಗ ಬಂತಾ ನಿಮಗೆ?”

ಅವನು ಬೆಂಗಳೂರಿನವನು. ಎಂಥ ಮಾತನ್ನೂ ನಯವಾಗಿ ಹೇಳುವುದು ಅವನಿಗೆ ಗೊತ್ತು. ಆ ನಯವೇ ಅವಳಿಗೆ ಈಗ ಮೈಯೆಲ್ಲ ಉರಿ ಹತ್ತಿಸಿತು.

“ಆಯ್ತು, ಕುರ್ಚಿ ಅವರೇ ಇಟ್ಕೊಳ್ಲಿ. ನನಗೆ ಒಂದೇ ಹೇಳಿ. ಆ ಸ್ಟೋರ್ ರೂಮ್… ಹೂಂ, ಅದೇ… ಪೇಂಟ್ ಮಾಡಿಸಿದ್ರಾ? ಎಂತಕ್ಕೆ?… ಶಾಂತಿ ಕೋಣೆ ಅಂತ ಬೋರ್ಡಾ?… ಚಂದ ಉಂಟು. ಚಿಲಕ ಎಲ್ಲುಂಟು ಸರ್, ಒಳಗಾ ಹೊರಗಾ?… ನೀಲಿ ಬಣ್ಣ ಅಂತ ಆಗ್ಲೇ ಹೇಳಿದ್ರಿ. ನಾನು ಕೇಳಿದ್ದು ಚಿಲಕ.”

ಚಿಲಕ ಹೊರಗೇ ಇದೆಯೆಂದು ಅವನು ಒಪ್ಪಿಕೊಂಡ.

“ಹಾಗಾದ್ರೆ ನನ್ನ ಹೆಸರು ತೆಗೀರಿ. ಇವತ್ತೇ ತೆಗೀರಿ… ಎಂತ, ಸೆಂಟರೇ ಮುಚ್ಚಬೇಕಾಗ್ತದಾ?… ಹೆದರಿಸ್ಬೇಡಿ ಸರ್… ಗೊತ್ತುಂಟು. ದುಡಿಯಲಿಕ್ಕೆ ಬಂದ ನಮ್ಮಂಥವರ ಇಂಥ ಮಕ್ಕಳನ್ನು ಇಲ್ಲಿ ಬೇರೆ ಯಾರು ಸೇರಿಸ್ಕೊಳ್ತಾರೆ, ನನಗೂ ಗೊತ್ತುಂಟು.”

ಎಲ್ಲಿ ಮುಟ್ಟಿದರೆ ನೋಯುತ್ತದೋ ಅಲ್ಲಿಗೇ ಅವನು ಕೈ ಹಾಕಿದ್ದ. ಅವಳ ಕಣ್ಣ ಮುಂದೆ ಹಮದ್ ಟೌನಿನ ವ್ಯಾನು ಬಂದು ನಿಂತಿತು. ಒಬ್ಬೊಬ್ಬರಾಗಿ ಇಳಿಯುವ ಮಕ್ಕಳು, ಅವರನ್ನು ವ್ಯಾನು ಹತ್ತಿಸಿದ ಮೇಲಷ್ಟೇ ಸಲ್ಮಾನಿಯಾ ಆಸ್ಪತ್ರೆಯ ಡ್ಯೂಟಿಗೆ ಓಡುವ ಅಮ್ಮಂದಿರು. ಬಾಗಿಲು ಮುಚ್ಚಿದರೆ ಅವರೆಲ್ಲ ಎಲ್ಲಿಗೆ ಹೋಗಬೇಕು? ಅವಳ ಸ್ವರ ತಗ್ಗಿತು.

“ಸರಿ… ಸರಿ, ನನ್ನ ಹೆಸರು ಇರ್ಲಿ. ಆ ಚಿಲಕ ಒಂದು ಕೀಳಿಸಿ. ಅಷ್ಟೇ ನಾನು ಕೇಳೋದು… ಮಾತಾಡ್ತೀರಾ? ಖಂಡಿತ?… ಭಾನುವಾರ ಶಝಾ ಬರೋದರೊಳಗೆ ಆಗ್ಬೇಕು. ಅದನ್ನು ಕಂಡ್ರೆ ಅವಳು ಈಗಲೂ ಹಣೆ ಬಡ್ಕೊಳ್ತಾಳೆ… ಹಾಂ?… ಬರೋದಿಲ್ವಾ? ಯಾಕೆ, ಮಗುವಿಗೆ ಹುಷಾರಿಲ್ವಾ?”

…

“ತೆಗೆದು ಹಾಕಿದ್ರಾ? ಶಝಾನನ್ನಾ?… ನಿನ್ನೆಯೇ?… ಬೇರೆ ಮಕ್ಕಳಿಗೆ ತೊಂದರೆ ಅಂತ ಯಾರು ಹೇಳಿದ್ದು, ಆ ತಂಗಿಯಾ?… ನುಸ್ರತ್‌ಗೆ ತಿಳಿಸಿದ್ದು ಯಾರು?… ನೀವು ಫೋನ್ ಮಾಡಿದ್ರಾ? ಎಂತ ಹೇಳಿದ್ರಿ?… ಇನ್ನೊಮ್ಮೆ ಹೇಳಿ.”

ಅವನು ಇನ್ನೊಮ್ಮೆ ಹೇಳಿದ.

“ಫ್ಲೆನ್ಸಿ ಮೇಡಂ ತೀರ್ಮಾನ ಅಂತ… ನನ್ನ ಹೆಸರು ಹೇಳಿದ್ರಾ ನೀವು? ಆ ತಾಯಿಗೆ?… ಅವಳು ಎಂತ ಹೇಳಿದಳು?… ಫೋನ್ ಇಟ್ಟಳಾ?”

ತೀರ್ಮಾನ ಕೈಗೊಳ್ಳುವ ಅಧಿಕಾರಕ್ಕೆಂದೇ ಅವಳು ಎರಡು ವರ್ಷ ಜೀವ ತೇದಿದ್ದಳು. ಆ ಅಧಿಕಾರದ ಮೊದಲ ತೀರ್ಮಾನ ಅವಳಿಗೇ ತಿಳಿಯದಂತೆ ಆಗಿಹೋಗಿತ್ತು, ಅದೂ ಆ ಮಗುವಿನ ಮೇಲೆ. ಆ ಕಡೆ ವಸಂತಕುಮಾರ ಏನೇನೋ ಸಮಾಧಾನ ಹೇಳುತ್ತಲೇ ಇದ್ದ.

“ಸಾಕು ಸರ್. ಈಗ ನೀವು ಕೇಳಿ. ಅಡ್ಮಿನಿಸ್ಟ್ರೇಟರ್ ನಾನು ಅಂತ ನೀವೇ ಹೇಳಿದ್ದಲ್ವಾ? ಹಾಗಾದ್ರೆ ನನ್ನ ತೀರ್ಮಾನ ಇದು. ಶಝಾ ಭಾನುವಾರ ಕ್ಲಾಸಿಗೆ ಬರ್ತಾಳೆ. ಆ ಕೋಣೆಗೆ ಯಾವ ಮಗುವೂ ಹೋಗ್ಲಿಕ್ಕಿಲ್ಲ… ವೀಸಾ ನಿಮ್ಮ ಕೈಯಲ್ಲುಂಟು, ನೆನಪು ಮಾಡೋದು ಬೇಡ. ಕ್ಯಾನ್ಸಲ್ ಮಾಡಿ. ಅಡ್ಮಿನಿಸ್ಟ್ರೇಟರ್ ಯಾಕೆ ಹೋದಳು ಅಂತ ಅಪ್ರೂವಲ್ ಕೊಟ್ಟವರು ಕೇಳ್ತಾರಲ್ಲ, ಅವರಿಗೆ ನಾನೇ ಹೇಳ್ತೇನೆ… ಎಲ್ರಾಯ್ ಹತ್ರ ಕೇಳೋದಾ? ಅವರ ಹತ್ರ ನಾನು ಮಾತಾಡ್ಕೊಳ್ತೇನೆ, ನೀವು ಇಡಿ.”

ಅವನು ಇಡುವ ಮೊದಲೇ ಅವಳು ಕಟ್ ಮಾಡಿದಳು. ನುಸ್ರತ್‌ಳ ಹೆಸರು ಹುಡುಕಿ ಒತ್ತಿದಳು. ಮೊದಲ ಸಲ ರಿಂಗಾಗಿ ರಿಂಗಾಗಿ ನಿಂತಿತು. ಎರಡನೆಯ ಸಲ ಆ ಕಡೆಯಿಂದ ಎತ್ತಿದರು.

“ನುಸ್ರತ್? ನಾನು, ಫ್ಲೆನ್ಸಿ… ಇಡಬೇಡ, ಇಡಬೇಡ, ಕೇಳು ಮಾರಾಯ್ತಿ… ನಾನಲ್ಲ. ನನಗೆ ಗೊತ್ತೇ ಇರ್ಲಿಲ್ಲ… ಹೌದು, ಅಡ್ಮಿನಿಸ್ಟ್ರೇಟರ್ ನಾನೇ, ಆದ್ರೆ… ಹೌದು, ಅಪ್ರೂವಲ್ ನನ್ನ ಹೆಸರಲ್ಲೇ ಬಂದದ್ದು, ಆದ್ರೆ…”

ಆದರೆ ಎಂಬುದರ ಮುಂದೆ ಏನು ಹೇಳಿದರೂ ಅದು ಸುಳ್ಳಿನ ಹಾಗೇ ಕೇಳುತ್ತದೆಂದು ಅವಳಿಗೇ ಅನ್ನಿಸಿತು. ನುಸ್ರತ್ ಅಳುತ್ತಿರಲಿಲ್ಲ, ಬೈಯುತ್ತಲೂ ಇರಲಿಲ್ಲ. ಪರಿಚಯವಿಲ್ಲದವರೊಡನೆ ಮಾತಾಡುವ ಹಾಗೆ ಮರ್ಯಾದೆಯಿಂದ ಮಾತಾಡುತ್ತಿದ್ದಳು.

“ನನ್ನನ್ನು ಮೇಡಂ ಅನ್ಬೇಡ, ನುಸ್ರತ್… ಕುರ್ಚಿ ಸಿಕ್ಕಿದ ಮೇಲೆ ಹೀಗೆಯಾ ಅಂತ ಕೇಳ್ತಿಯಾ? ಕೇಳು, ಬೇಕಾದ್ದು ಕೇಳು. ಭಾನುವಾರ ಮಗುವನ್ನು ಮಾತ್ರ ಕಳಿಸು. ಗೇಟಿನಲ್ಲಿ ನಾನೇ ನಿಂತಿರ್ತೇನೆ… ನಾಟಕ ಅಲ್ಲ. ನಮ್ಮ ದೇವರಾಣೆ… ಹಿಂದೆ ಕೇಳ್ತಾ ಇರೋದು ಶಝಾನ ಸ್ವರ ಅಲ್ವಾ? ಅವಳ ಕಿವಿಗೆ ಒಮ್ಮೆ ಫೋನ್ ಇಡು. ಒಂದೇ ಒಂದು ಸಲ, ನನ್ನ ಸ್ವರ ಅವಳಿಗೆ ಗೊತ್ತಾಗ್ತದೆ… ನುಸ್ರತ್? ನುಸ್ರತ್, ಹಲೋ… ಹಲೋ—”